ಬೀಳೋ ಹಲ್ಲಿಗೆ ಅಳಬ್ಯಾಡ ಅಂದವಳಿಗೆ

ಅವ್ವಾ,

‘ಬೀಳೋ ಹಲ್ಲಿಗೆ ಅಳಬ್ಯಾಡ ಕೂಸೇ...’ ಇದರ ಮುಂದಿನ ಸಾಲು ಏನಿತ್ತು? ಮುತ್ತು ಅಂತ ಏನೋ ಬರುತ್ತಿತ್ತು. ಮಾಳಿಗೆ ಮೇಲೆ ಒಗೆದರೆ ಮುತ್ತಾಗುತ್ತದೆ ಅಂತಲೋ, ಅದರ ಹಿಂದೆ ಮುತ್ತಿನಂಥದ್ದು ಬರುತ್ತದೆ ಅಂತಲೋ. ನೀನೇ ಕಟ್ಟಿದ ಸಾಲು, ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಕಮಲಾಪುರದ ನಿನ್ನ ಅಂಗನವಾಡಿಯಲ್ಲಿ ಮಕ್ಕಳಿಂದ ಚಪ್ಪಾಳೆ ತಟ್ಟಿಸಿ ಹೇಳಿಸುತ್ತಿದ್ದೆ. ಕವಿತೆ ಓದುವ ಚಟ ಹತ್ತಿದ ಮೇಲೆ ಎಷ್ಟೋ ಸಾಲುಗಳನ್ನು ಬಾಯಿಪಾಠ ಮಾಡಿದ್ದೇನೆ. ನಿನ್ನ ಈ ಅರ್ಧ ಸಾಲಿನಷ್ಟು ಯಾವುದೂ ನನ್ನನ್ನು ಕಾಡಿಲ್ಲ. ಬೀಳುವ ಹಲ್ಲಿಗೆ ಯಾಕೆ ಅಳಬಾರದು ಅವ್ವಾ? ಬೀಳುವ ತನಕ ಅದು ಬಾಯಲ್ಲೇ ಇರುತ್ತದಲ್ಲ? ಐದು ವರ್ಷದ ಕೂಸಿಗೆ ‘ಇನ್ನೆರಡು ವರ್ಷ ತಡಿ’ ಎಂದರೆ, ಅದು ಹುಟ್ಟಿದಾಗಿನಿಂದ ಬದುಕಿದ್ದರ ಹತ್ತಿರ ಹತ್ತಿರ ಅರ್ಧದಷ್ಟು ಹೊತ್ತು ತಡಿ ಎಂದ ಹಾಗೆ...

ಹೋದ ವರ್ಷ ಒಬ್ಬ ಡಾಕ್ಟರಮ್ಮ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಗೆ ಬಂದಿದ್ದರು. ಮಕ್ಕಳ ಹಲ್ಲಿನ ಡಾಕ್ಟರು, ಮೈಸೂರಿನ ಕಡೆಯವರು. ಹಲ್ಲು ಕೆಟ್ಟರೆ ಶಾಲೆಗಿನ್ನೂ ಹೋಗದ ಮಕ್ಕಳ ಬದುಕು ಎಷ್ಟು ಕೆಡುತ್ತದೆ ಎಂದು ಅಳೆಯುವುದು ಅವರ ಕೆಲಸ. ಅದಕ್ಕೊಂದು ಪ್ರಶ್ನೆಪಟ್ಟಿ ಇತ್ತು, ಇಂಗ್ಲಿಷಿನಲ್ಲಿ. ಎಂ.ಎ. ಕನ್ನಡ ಓದಿದವಳು, ಈ ಭಾಗದ ಮಾತು ಬಲ್ಲವಳು ಎಂದು ಯಾರೋ ನನ್ನ ಹೆಸರು ಹೇಳಿದ್ದರಂತೆ. ಕೂಸಿಗೆ ಹಲ್ಲು ನೋಯುತ್ತದೆಯೇ, ಬಿಸಿ ತಣ್ಣಗಿನದು ಕುಡಿಯಲು ತ್ರಾಸಾಗುತ್ತದೆಯೇ, ನಿದ್ದೆ ಕೆಡುತ್ತದೆಯೇ, ಮಾತಾಡಲು, ನಗಲು ಹಿಂಜರಿಯುತ್ತದೆಯೇ. ಪ್ರತಿ ಪ್ರಶ್ನೆಯ ಮುಂದೆ ಸಾಲಾಗಿ ಗುರುತು ಹಾಕುವ ಮನೆಗಳು: ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಬಹಳ ಸಲ. ಕೂಸು ಸಣ್ಣದು, ಅದಕ್ಕೆ ಹೇಳಲು ಬರುವುದಿಲ್ಲ. ಆದ್ದರಿಂದ ಉತ್ತರ ಕೊಡುವವಳು ತಾಯಿ. ಆ ಕೊನೆಯ ಮಾತಿಗೆ ನನ್ನ ಪೆನ್ನು ನಿಂತಿತು. ಉತ್ತರ ಕೊಡುವವಳು ತಾಯಿ! ನನ್ನ ಬಗ್ಗೆ ನಿನ್ನನ್ನು ಕೇಳಿದ್ದರೆ ಯಾವ ಮನೆಯಲ್ಲಿ ಗುರುತು ಹಾಕಿಸುತ್ತಿದ್ದೆ ಅವ್ವಾ?

ನಿನ್ನ ಅಂಗನವಾಡಿಯ ಜಂತಿಗೆ ಕೊಕ್ಕೆಯ ತಕ್ಕಡಿ ತೂಗುತ್ತಿತ್ತು, ನೆನಪಿದೆಯೇ? ಕೂಸುಗಳನ್ನು ನೀನು ಚೀಲದಲ್ಲಿ ಕೂಡಿಸಿ ತೂಗುತ್ತಿದ್ದೆ. ಎತ್ತರ ಅಳೆಯುತ್ತಿದ್ದೆ, ರಟ್ಟೆಗೆ ಪಟ್ಟಿ ಸುತ್ತುತ್ತಿದ್ದೆ, ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದೆ. ಒಂದು ದಿನ ನಾನೇ ಚೀಲದೊಳಗೆ ಕೂತು ಮೇಲಿನ ಮುಂದಿನ ಹಲ್ಲನ್ನು ಬೆರಳಿನಿಂದ ತೋರಿಸಿ ಅತ್ತಿದ್ದೆ. ನೀನು ಮುಳ್ಳು ನೋಡಿದೆ, ತೂಕ ಬರೆದುಕೊಂಡೆ, ‘ಹಾಲಹಲ್ಲು, ಬಿದ್ದು ಹೋಗ್ತದ. ಮಂದಿ ಮುಂದ ಅಳಬ್ಯಾಡ’ ಅಂದೆ. ಆಮೇಲೆ ಎಲ್ಲ ಮಕ್ಕಳ ಜೊತೆ ನಾನೂ ಚಪ್ಪಾಳೆ ತಟ್ಟಿ ಆ ಸಾಲು ಹೇಳಬೇಕಾಯಿತು. ಆ ದಿನಗಳಲ್ಲಿ ಬೆಳಿಗ್ಗೆ ಎದ್ದಾಗ ಬಾಯಲ್ಲಿ ಒಂದು ಖಾರ ಖಾರ ರುಚಿ ಇರುತ್ತಿತ್ತು. ಕೆಟ್ಟ ಹಲ್ಲಿನ ರುಚಿಯೇ ಹಾಗೆ ಎಂದುಕೊಂಡಿದ್ದೆ.

ಹಲ್ಲು ಬಿತ್ತು. ಸಗಣಿಯಲ್ಲಿ ಅದುಮಿ ಮಾಳಿಗೆಗೆ ಒಗೆದೆವು. ಅದರ ಜಾಗದಲ್ಲಿ ಬಂದದ್ದು ಮುತ್ತಲ್ಲ. ಕಂದು ಕಲೆಯ, ಅಂಚು ಕೊರಕಲಾದ ಹಲ್ಲು. ಹುಟ್ಟಿನಿಂದಲೇ ಹಾಗೆ ಎಂದು ನೀನು ಎಲ್ಲರಿಗೂ ಹೇಳಿದೆ. ವರನ ಕಡೆಯವರು ನೋಡಲು ಬಂದ ದಿನ ಅಡಿಗೆಮನೆಯಲ್ಲಿ ನನ್ನ ಕೈಗೆ ಚಹಾದ ತಟ್ಟೆ ಕೊಟ್ಟು, ಸೆರಗು ಸರಿಮಾಡಿ, ಕಿವಿಯಲ್ಲಿ ನೀನು ಹೇಳಿದ್ದು ಒಂದೇ ಮಾತು: ‘ನಗಬ್ಯಾಡ.’ ನಾನು ನಗಲಿಲ್ಲ. ‘ಹುಡುಗಿ ಭಾಳ ಗಂಭೀರ ಅದಾಳ’ ಎಂದು ಅವರು ಮೆಚ್ಚಿದರು. ಮದುವೆಯ ಒಂದು ಫೋಟೋದಲ್ಲೂ ನನ್ನ ಹಲ್ಲಿಲ್ಲ. ನಲವತ್ತೆಂಟಾಯಿತು, ಇವತ್ತಿಗೂ ನಾನು ಪಾಠ ಹೇಳುವ ತರಗತಿಯಲ್ಲಿ ಹುಡುಗಿಯರು ನಗಿಸಿದರೆ ಪುಸ್ತಕ ಬಾಯಿಗೆ ಅಡ್ಡ ಬರುತ್ತದೆ.

ಡಾಕ್ಟರಮ್ಮ ಒಂದು ಸಲ ಮಾತಿನ ನಡುವೆ ನನ್ನ ಹಲ್ಲು ನೋಡಿಬಿಟ್ಟರು. ‘ಮೇಡಂ, ಚಿಕ್ಕವರಿದ್ದಾಗ ಇದರ ಜಾಗದಲ್ಲಿದ್ದ ಹಾಲಹಲ್ಲಿಗೆ ಕೀವಾಗಿತ್ತಾ?’ ಅಂದರು. ಹಾಲಹಲ್ಲಿನ ಬೇರಿನ ಬುಡದಲ್ಲೇ ಮುಂದೆ ಬರುವ ಹಲ್ಲು ಬೆಳೆಯುತ್ತಿರುತ್ತದಂತೆ. ಹಾಲಹಲ್ಲಿನ ಕೀವು ಅದಕ್ಕೆ ತಾಗಿದರೆ ಹೀಗೆ ಕಲೆಯಾಗಿ ಹುಟ್ಟಬಹುದಂತೆ. ಬಿದ್ದು ಹೋಗುವುದು ಹಲ್ಲಷ್ಟೇ... ನಾನು ಆ ದಿನ ಸಿಟಿ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತೆ. ನಿನ್ನ ಮೇಲೆ ಅಷ್ಟು ಸಿಟ್ಟು ಬಂದಿತ್ತು. ಸತ್ತವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿಗೆ ಒಯ್ಯಬೇಕು, ಹೇಳು?

ಆದರೆ ನನ್ನ ತಪ್ಪನ್ನೂ ಹೇಳಬೇಕು. ಪ್ರಶ್ನೆಪಟ್ಟಿ ಕನ್ನಡಕ್ಕೆ ತಂದಾಗ ಅದರ ತಲೆಗೆ ನಾನೊಂದು ಸಾಲು ಸೇರಿಸಿದೆ: ‘ಹೆಂಗದೀರಿ, ಆರಾಮ ಅದೀರೇನ್ರಿ? ಮಕ್ಕಳು ಆರಾಮ?’ ನಮ್ಮ ಕಡೆ ಮನೆಗೆ ಹೋದವರು ಇಷ್ಟೂ ಕೇಳದೆ ಕಾಗದ ತೆಗೆದರೆ ಯಾರು ಮಾತಾಡುತ್ತಾರೆ? ಡಾಕ್ಟರಮ್ಮ ಬಹಳ ಮೆಚ್ಚಿದರು. ಆದರೆ ಹೊಸ್ತಿಲಲ್ಲಿ ನಿಂತವರು ಹಾಗೆ ಕೇಳಿದರೆ ನಮ್ಮ ಹೆಂಗಸರು ಏನು ಹೇಳುತ್ತಾರೆಂದು ನನಗೆ ತಿಳಿಯದೇ? ಮನೆಯೊಳಗೆ ಹೆಣವಿದ್ದರೂ ‘ಆರಾಮ ಅದೀವ್ರಿ’ ಎನ್ನುತ್ತಾರೆ. ಒಮ್ಮೆ ಹಾಗೆಂದ ಮೇಲೆ ಎರಡೇ ನಿಮಿಷಕ್ಕೆ ‘ಕೂಸು ಅಳ್ತದ’ ಎಂದು ಹೇಗೆ ಹೇಳಿಯಾರು? ಕಮಲಾಪುರದ ಓಣಿಗಳಲ್ಲಿ ಡಾಕ್ಟರಮ್ಮ ಟಾರ್ಚು ಹಿಡಿದು ಬಾಯಿ ನೋಡುತ್ತಿದ್ದರು, ಕಪ್ಪು ಮೊಂಡು ಹಲ್ಲುಗಳು. ಜೊತೆಗೆ ಹೋಗಿ ತಾಯಂದಿರನ್ನು ಕೇಳುತ್ತಿದ್ದ ನನ್ನ ಕಾಗದದಲ್ಲಿ ಮಾತ್ರ ಎಂದೂ ಇಲ್ಲ, ಎಂದೂ ಇಲ್ಲ, ಎಂದೂ ಇಲ್ಲ.

ಗುರುಬಾಯಿ ಚಿಗವ್ವನ ಮನೆಗೂ ಹೋಗಿದ್ದೆ. ನಮ್ಮ ಹಳೆಯ ಮನೆಗೆ ಗೋಡೆ ಹತ್ತಿಕೊಂಡ ಮನೆ, ನಿನ್ನ ಗೆಳತಿ. ಈಗ ಅವಳಿಗೆ ನಾಲ್ಕು ವರ್ಷದ ಮೊಮ್ಮಗಳು, ಪಲ್ಲವಿ. ಸೊಸೆ ರೇಣುಕಾ ಬಾಗಿಲ ಹಿಂದೆ ನಿಂತಿದ್ದಳು, ಚಿಗವ್ವ ಮುಂದೆ ಕೂತಿದ್ದಳು. ನಾನು ಸೊಸೆಯನ್ನು ಕೇಳಿದೆ, ಅವಳು ಅತ್ತೆಯ ಬೆನ್ನು ನೋಡಿದಳು, ‘ಇಲ್ರಿ’ ಅಂದಳು. ಪಲ್ಲವಿ ಕೈಯಲ್ಲೊಂದು ಕೆಂಪು ಬಾಳೆಹಣ್ಣು ಹಿಡಿದು, ಕಚ್ಚದೆ, ಬೆರಳಿನಿಂದ ಜಜ್ಜಿ ಜಜ್ಜಿ ಒಂದೇ ಕಡೆಯ ದವಡೆಗೆ ಇಟ್ಟುಕೊಳ್ಳುತ್ತಿತ್ತು. ನಾನು ನೋಡಿದೆ. ಡಾಕ್ಟರಮ್ಮ ಬಾಯಿ ನೋಡಿ, ಕಲಬುರಗಿಗೆ ಕರೆತನ್ನಿ, ತಡಮಾಡಬೇಡಿ ಎಂದು ಚೀಟಿ ಬರೆದುಕೊಟ್ಟರು. ಚಿಗವ್ವ ಅದನ್ನು ಕನ್ನಡಿಯ ಹಿಂದೆ ಸಿಕ್ಕಿಸಿ ನಕ್ಕಳು.

‘ಹಾಲಹಲ್ಲಿಗಿ ದವಾಖಾನಿ ಏನ್ರಿ ಡಾಕ್ಟರಮ್ಮಾ! ನಾಳಿ ನಮ್ಮ ಕೂದಲಾ ಉದರ್ತಾವ ಅಂತ ಅದಕ್ಕೂ ಒಂದು ಚೀಟಿ ಬರೀತೀರೇನು? ಇಕಿ ಅವ್ವ ಟೀಚರಮ್ಮ ಹೇಳ್ತಿದ್ಳಲ್ಲ, ಬೀಳೋ ಹಲ್ಲಿಗೆ ಅಳಬ್ಯಾಡ ಅಂತ. ಕೇಳ್ರಿ ಇಕಿನ್ನ. ಹೌದಿಲ್ಲೋ ತಂಗಿ?’

ಎಲ್ಲರೂ ನನ್ನ ಕಡೆ ನೋಡಿದರು. ಅಲ್ಲ ಎನ್ನಬಹುದಿತ್ತು. ಬಾಯಿ ತೆರೆದು ನನ್ನ ಹಲ್ಲು ತೋರಿಸಿದ್ದರೂ ಸಾಕಿತ್ತು. ಆದರೆ ನಿನ್ನ ಹೆಸರನ್ನು ಆ ಓಣಿಯಲ್ಲಿ ಇಂದಿಗೂ ಕೈಮುಗಿದು ಹೇಳುತ್ತಾರೆ ಅವ್ವಾ. ‘ಹೌದ್ರಿ ಚಿಗವ್ವ, ಹೇಳ್ತಿದ್ಳು’ ಅಂದೆ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

ತಿಂಗಳೊಳಗೆ ಪಲ್ಲವಿಯ ಕೆನ್ನೆ ಕಣ್ಣಿನ ತನಕ ಊದಿತು. ಮೈ ಕೆಂಡದಂಥ ಜ್ವರ. ಕಲಬುರಗಿಯ ದವಾಖಾನೆಯಲ್ಲಿ ಐದು ದಿನ ಇಟ್ಟುಕೊಂಡು, ಬಾವು ಇಳಿದ ಮೇಲೆ ನಾಲ್ಕು ಹಲ್ಲು ತೆಗೆದರು. ಸುದ್ದಿ ತಿಳಿದು ಹೋದಾಗ ಕೂಸು ಗೋಡೆಗೆ ಮುಖ ಮಾಡಿ ಮಲಗಿತ್ತು. ಚಿಗವ್ವ ಮಂಚದ ಕಾಲ ಬಳಿ ನೆಲ ನೋಡುತ್ತ ಕೂತಿದ್ದಳು. ರೇಣುಕಾಳನ್ನು ಚಹಾದ ನೆಪದಲ್ಲಿ ಹೊರಗೆ ಕರೆದೊಯ್ದೆ. ಕಾಗದ ಇರಲಿಲ್ಲ, ‘ಆರಾಮೇನು’ ಎಂದೂ ಕೇಳಲಿಲ್ಲ. ಪ್ರಶ್ನೆಗಳು ಮಾತ್ರ ಅವೇ.

‘ದಿನಾ ಅಳ್ತಿತ್ರಿ ಅಕ್ಕಾ. ರೊಟ್ಟಿ ಹಾಲಿನ್ಯಾಗ ನೆನಸಿ ಕೊಟ್ರೂ ಉಗುಳತಿತ್ತು. ನಗೂದು ಬಿಟ್ಟು ಎಷ್ಟು ದಿನ ಆಗಿತ್ತೋ ಏನೋ.’

‘ಅವತ್ತ ಯಾಕ ಹೇಳ್ಲಿಲ್ಲ ರೇಣುಕಾ?’

‘ಹೆಂಗ ಹೇಳ್ಲಿ ಅಕ್ಕಾ? ನನ್ನ ಹಾಲೇ ಕೆಟ್ಟದ, ಅದಕ್ಕ ಹಲ್ಲು ಕೆಟ್ಟಾವ ಅಂತಾರ ಅತ್ತಿ. ಬಟ್ಟಿಯೊಳಗ ಬೆಲ್ಲ ಕಟ್ಟಿ ಕೂಸಿನ ಬಾಯಾಗ ಚೀಪ್ಲಿಕ್ಕಿ ಇಡೂದು ಅವರೇ. ಹಂಗಂತ ಅವರ ಮುಂದ ಅನ್ಲಿಕ್ಕಿ ಬರ್ತದೇನು? ಮತ್ತ ನೀವೂ ಬಂದವ್ರೇ ಆರಾಮೇನು ಅಂದ್ರಿ. ಹೂಂ ಅಂದೆ. ಅಷ್ಟಾತು.’

ಚಹಾ ಅವಳ ಕೈಯಲ್ಲೇ ಆರಿತು. ಆ ಸಂಜೆಯೇ ಡಾಕ್ಟರಮ್ಮನ ಬಳಿ ಹೋಗಿ ಪಲ್ಲವಿಯ ಕಾಗದ ತಿದ್ದಿರಿ ಎಂದೆ. ‘ಅವತ್ತು ಅವರು ಹೇಳಿದ್ದು ಅದು, ಮೇಡಂ. ಅದನ್ನ ನಾವು ತಿದ್ದೋ ಹಾಗಿಲ್ಲ. ನಾವು ಕೇಳಿದ ರೀತಿ ತಪ್ಪು ಅಂದ್ರೆ ಅದನ್ನ ಬರೆದಿಟ್ಟು, ಎಲ್ಲರನ್ನೂ ಮೊದಲಿಂದ ಕೇಳಬಹುದು’ ಅಂದರು. ನಾನು ಸೇರಿಸಿದ್ದ ಆ ಸಾಲನ್ನು ನಾನೇ ಹೊಡೆದು ಹಾಕಿದೆ. ತಾಯಂದಿರನ್ನು ಮನೆಯಲ್ಲಿ ಅಲ್ಲ, ಅಂಗನವಾಡಿಯಲ್ಲಿ, ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಕೇಳುವುದೆಂದಾಯಿತು. ಈಗ ಕಾಗದಗಳ ಮೇಲೆ ಗುರುತುಗಳು ಬೇರೆ ಮನೆಗಳಲ್ಲಿ ಬೀಳುತ್ತಿವೆ. ಒಬ್ಬ ತಾಯಿ ಉತ್ತರ ಹೇಳುವ ಬದಲು ಬರೀ ಅತ್ತಳು. ಅದಕ್ಕೆ ನನ್ನ ಬಳಿ ಮನೆಯಿಲ್ಲ.

ನೀನು ಕೇಳದ ಸುದ್ದಿ ಇನ್ನೊಂದಿದೆ. ನಿನ್ನೆ ನಿನ್ನ ಅಂಗನವಾಡಿಯಲ್ಲಿ ಮಕ್ಕಳು ಚಪ್ಪಾಳೆ ತಟ್ಟಿ ನಿನ್ನ ಸಾಲು ಹೇಳುತ್ತಿದ್ದವು, ನೀನು ಹೇಳಿಸಿದ ಹಾಗೆಯೇ. ಈಗಿನ ಟೀಚರು ನಿನ್ನ ಕೈಕೆಳಗೆ ಕಲಿತವಳು. ನಾನು ಬಾಯಿ ತೆರೆದು ನನ್ನ ಹಲ್ಲು ತೋರಿಸಿ, ‘ಇದನ್ನ ಇನ್ನ ಹೇಳಿಸಬ್ಯಾಡ’ ಎಂದು ಹೇಳಿದೆ. ಅವಳ ಮುಖ ಸಣ್ಣದಾಯಿತು. ಎರಡನೆಯ ಸಾಲು ಏನೆಂದು ಅವಳನ್ನು ಕೇಳಬಹುದಿತ್ತು. ಕೇಳಲಿಲ್ಲ. ನಿನಗೆ ನನ್ನ ನೋವು ಸುಳ್ಳೆನಿಸಿತ್ತು, ನೀನು ನಂಬಲಿಲ್ಲ, ಅಷ್ಟೇ ಎಂದುಕೊಂಡು ಬಸ್ ನಿಲ್ದಾಣದ ಕಡೆ ನಡೆದಿದ್ದೆ.

ಗುರುಬಾಯಿ ಚಿಗವ್ವ ತನ್ನ ಬಾಗಿಲಲ್ಲಿ ನಿಂತಿದ್ದಳು. ರೂಢಿ ನೋಡು, ಬಾಯಿಂದ ಅದೇ ಮಾತು ಬಂತು: ‘ಆರಾಮ ಅದೀರೇನ್ರಿ ಚಿಗವ್ವ?’

‘ಇಲ್ಲ’ ಅಂದಳು. ‘ಆರಾಮಿಲ್ಲ. ನಿಂದರು ಜರಾ.’

ಒಳಗೆ ಬಾ ಅನ್ನಲಿಲ್ಲ. ಚೌಕಟ್ಟು ಹಿಡಿದುಕೊಂಡೇ ಹೇಳಿದಳು.

‘ನೀ ಸಣ್ಣಾಕಿ ಇದ್ದಾಗ ನಿಮ್ಮವ್ವ ವಾರಕ್ಕ ಎರಡು ಸಲ ಲವಂಗ ಇಸ್ಕೊಳ್ಳಿಕ್ಕಿ ಬರ್ತಿದ್ಳು. ತನ್ನ ಹಲ್ಲಿಗೇ ಬ್ಯಾನಿ ಆಗ್ಯಾದ ಅಂತಿದ್ಳು. ಹಂಗನಕೋತ ಇದೇ ಕಟ್ಟಿ ಮ್ಯಾಲ ಕುಂತು ಅಡಕಿ ಕಟಾಕಟಾ ಅಗೀತಿದ್ಳು, ಹುಚ್ಚಿ! ಟೀಚರಮ್ಮನ ಮಗಳ ಹಲ್ಲೇ ಹುಳುಕು ಅಂದ್ರ ಮಂದಿ ನಗ್ತಾರ ಅಂತ ಅಂಜಿಕಿ ಆಕಿಗಿ. ನೀ ಮಲಗಿದ ಮ್ಯಾಲ ಆ ಲವಂಗ ಅರದು ನಿನ್ನ ಹಲ್ಲಿಗಿ ಹಚ್ಚತಿದ್ಳು, ನಾ ಕಿಡಕ್ಯಾಗಿಂದ ನೋಡೀನಿ. ಆಕಿಗಿ ಗೊತ್ತಿತ್ತವಾ. ಪಲ್ಲವಿದು ನನಗೂ ಗೊತ್ತಿತ್ತು. ಹೊರಗ ತೆಗಿ ಆ ಕಾಗದ, ಬರಕೋ.’