ಮಾನಿಟರಿನ ಕೆನ್ನೆಗೆ ಬಿದ್ದ ಏಟು

ನಾರ್ತ್ ಯಾರ್ಕ್, ಕೆನಡಾ, ೧೭-೧೦-೧೯೯೬

ಪೂಜ್ಯ ಭಾವನವರಿಗೆ ನಿಮ್ಮ ತಂಗಿಯ ಗಂಡನ ಸಾಷ್ಟಾಂಗ. ಕಾರ್ಡು ಚಿಕ್ಕದು, ಅರ್ಧ ಮಾತ್ರ ಅಡ್ಡಬಿದ್ದಿದ್ದೇನೆ.

ಕಂಪ್ಯೂಟರು ಬಂದ ಮೇಲೆ ಟೈಪಿಂಗ್ ಕಲಿತವರೆಲ್ಲ ಮನೆಯಲ್ಲಿ ಉಪ್ಪಿನಕಾಯಿ ಹಾಕಿಕೊಂಡಿರಬೇಕು ಎಂದು ನಾವು ಹೊರಡುವಾಗ ತಾವು ತೀರ್ಪು ಕೊಟ್ಟಿದ್ದಿರಲ್ಲ, ಅದರ ಮೇಲ್ಮನವಿ ನಿನ್ನೆ ನ್ಯೂಮಾರ್ಕೆಟ್ಟಿನ ಒಂದು ಆಫೀಸಿನಲ್ಲಿ ನಡೆಯಿತು. ಸುಕನ್ಯಾಗೆ ಕೆಲಸದ ಪರೀಕ್ಷೆ. ನಾನು ಗಾಜಿನ ಬಾಗಿಲಾಚೆ ಕೂತು ಕೈಮುಗಿಯುತ್ತಿದ್ದೆ. ಹುಟ್ಟಿದ ಮೇಲೆ ಮೊದಲ ಸಲ ಕಂಪ್ಯೂಟರು ಮುಟ್ಟಿದವಳು ಮೊದಲ ಸಾಲನ್ನು ಹುರಿಗಾಳು ಸಿಡಿದ ಹಾಗೆ ಬಡಿದಳು. ಸಾಲು ಮುಗಿದದ್ದೇ ತಡ, ಮೈಸೂರಿನಲ್ಲಿ ಹನ್ನೊಂದು ವರ್ಷ ಸಾಲು ಸಾಲಿಗೂ ಟೈಪ್‌ರೈಟರಿನ ಹಿಡಿ ತಳ್ಳಿದ ಎಡಗೈ ತಾನಾಗಿ ಎದ್ದು ಮಾನಿಟರಿನ ಕೆನ್ನೆಗೆ ಫಟಾರನೆ ಬಾರಿಸಿತು! ಪೂರ್ವಜನ್ಮದ ವಾಸನೆ ಎಂದರೆ ಇದೇ. ಕೆಲಸ ಹೋಯಿತು ಎಂದುಕೊಂಡೆ.

ಪರೀಕ್ಷೆ ಮಾಡುತ್ತಿದ್ದ ನರೆಗೂದಲಿನ ಹೆಂಗಸು ಎದ್ದು ಬಂದು, "ಹನೀ, ನಾನು ಎರಡು ವರ್ಷ ಅದಕ್ಕೆ ಹೊಡೆದೆ. ಪಾಪ, ಅಭ್ಯಾಸವಾಗಿದೆ, ನೀನು ಮುಂದುವರಿಸು" ಎಂದಳಂತೆ. ಮೂರು ಪುಟ, ಒಂದೂ ತಪ್ಪಿಲ್ಲ. ಸೋಮವಾರದಿಂದ ಬರಹೇಳಿದ್ದಾರೆ.

ಬಸ್ಸಿನಲ್ಲಿ ಸುಕನ್ಯಾ, "ರೀ, ಅಣ್ಣಂಗೆ ಬರೀರಿ. ಉಪ್ಪಿನ್ಕಾಯಿ ಇನ್ಮೇಲೆ ಇಂಡಿಯನ್ ಸ್ಟೋರಲ್ಲೇ ತಗೋತೀವಿ ಅಂತ" ಎಂದಳು. ಬರೆದಿದ್ದೇನೆ.

ಅವಳ ಎಡ ಅಂಗೈ ಕೊಂಚ ಊದಿದೆ, ಅರಿಶಿನ ಹಚ್ಚಿದೆ. ನನ್ನ ಹಳೆಯ ಮಂಡಿನೋವು ಈಗ ಪರವಾಗಿಲ್ಲ.

ಅಟ್ಟದ ಮೇಲಿನ ಅವಳ ಟೈಪ್‌ರೈಟರನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಕಂಪ್ಯೂಟರೆಂಬ ಮೊಮ್ಮಗಳು ಕೆಲಸ ಕೊಟ್ಟಿದ್ದಾಳೆ, ಅಜ್ಜಿಗೆ ಒಂದು ಹೂವಿಡಿ.

ಜಾಗ ಮುಗಿಯಿತು,
ರಂಗನಾಥ