ತ-ಒತ್ತು ಕಾಣೆಯಾಗಿದೆ

ಜೂನ್ 3, ರಾತ್ರಿ

ಎರಡು ವಿಸಿಟಿಂಗ್ ಕಾರ್ಡು, ಒಂದು ಡ್ರೈವಿಂಗ್ ಸ್ಕೂಲಿನ ಕರಪತ್ರ. ಇಷ್ಟೂ ಟೈಪ್ ಮಾಡಿ ಮುಗಿಯಲಿಲ್ಲ. ಹೊಸ ಕಂಪ್ಯೂಟರ್ ಬಂತು, ಹೊಸ ಸಿಸ್ಟಮ್ಮೇ ಬೇರೆ. ಪ್ರೆಸ್ಸಿನ ಯಜಮಾನರಿಗೆ ಮನೆಗೆ ಅಳಿಯ ಬಂದಷ್ಟು ಸಂಭ್ರಮ. ಹಳೆಯ ಡಬ್ಬ ಎಕ್ಸ್‌ಚೇಂಜಿಗೆ ಹೋಯಿತು.

"ಫೈಲೆಲ್ಲಾ ಪೆನ್‌ಡ್ರೈವಲ್ಲಿದೆ. ನಿಮಗ್ಯಾಕ್ರೀ ತಲೆಬಿಸಿ?" ಎಂದರು.

ಸ್ಟಾರ್ಟ್ ಬಟನ್ ಮೂಲೆ ಬಿಟ್ಟು ನಡುಮನೆಗೆ ಬಂದು ಕೂತಿದೆ. ದಿನವಿಡೀ ಮೂಲೆಯನ್ನೇ ಒತ್ತಿದೆ.

ಜೂನ್ 4

ಅಕ್ಕನ ಪುಸ್ತಕ ತೆರೆದೆ. ಕನ್ನಡವೇ ಇಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಬಾಲ ಬಿಟ್ಟ ಏನೇನೋ... ನಮ್ಮ ಹಳೆಯ ಫಾಂಟು ಹೊಸ ಸಿಸ್ಟಮ್ಮಿಗೆ ಗೊತ್ತೇ ಇಲ್ಲವಂತೆ.

ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ ಅನೌನ್ಸ್ ಮಾಡುತ್ತಿದ್ದವಳು ಅಕ್ಕ. ರಿಟೈರಾದ ಮೇಲೆ ಆ ದಿನಗಳನ್ನೆಲ್ಲ ಹೇಳಿದಳು, ನಾನು ಟೈಪ್ ಮಾಡಿದೆ. ಚಳಿಗಾಲದಲ್ಲಿ ಸ್ಟ್ರೋಕ್. ಆಮೇಲೆ ಒಂದು ಮಾತಿಲ್ಲ. ಬೇರೆ ಪ್ರತಿಯೂ ಇಲ್ಲ. ಇದು ಹೋದರೆ ಅವಳು ಆಡಿದ್ದೂ ಹೋದ ಹಾಗೆ. ಹೆದರಿಕೆಯಾಗುತ್ತಿದೆ.

ಜೂನ್ 6, ಮಧ್ಯಾಹ್ನ

ರಿಪೇರಿಯವಳು ಬಂದಳು. "ಕನ್ವರ್ಟರ್ ಹಾಕ್ತೀನಿ ಅಂಕಲ್, ಐದೇ ನಿಮಿಷ."

ಕನ್ನಡ ಬಂತು. ಆದರೆ ಎಂಥ ಕನ್ನಡ... "ಧರ್ಮ" ಹೋಗಿ "ಧಮರ್". ಅರ್ಕಾವತ್ತನ್ನು ನಾವು ಅಕ್ಷರವಾದ ಮೇಲೆ ಒತ್ತುತ್ತಿದ್ದೆವು. ಇದಕ್ಕೆ ಮೊದಲೇ ಬೇಕಂತೆ. ಹಿಂದಿನದು ಮುಂದೆ, ಮುಂದಿನದು ಹಿಂದೆ — ತಲೆ ಗಿರ್ರೆಂದಿತು.

ಜೂನ್ 7

ಒಂದೊಂದೇ ತಿದ್ದಿ ಸಾಕಾಗಿ, "ಮರ್" ಇರುವಲ್ಲೆಲ್ಲ "ರ್ಮ" ಹಾಕು ಎಂದು ರಿಪ್ಲೇಸ್ ಆಲ್ ಒತ್ತಿದೆ. ಧರ್ಮ, ಕರ್ಮ ಸರಿಯಾದವು. ಕೈಯಾರೆ ತಿದ್ದಿಟ್ಟಿದ್ದ ಮರ್ಯಾದೆಗಳೆಲ್ಲ "ರ್ಮಯಾದೆ" ಆದವು.

ಯಜಮಾನರು ಇಣುಕಿದರು. "ಏನ್ರೀ, ಇಡೀ ಪುಸ್ತಕದಲ್ಲಿ ಒಂದು ಕಡೆನೂ ಮರ್ಯಾದೆ ಇಲ್ವಲ್ಲ."

ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ಅವರ ಮುಖ ನೋಡಿದರೆ ಬೈದುಬಿಡುತ್ತಿದ್ದೆ.

ಜೂನ್ 19

ಕಣ್ಣು ಉರಿ. ಈಗ ಇನ್ನೊಂದು ಪಜೀತಿ. ತ-ಒತ್ತು ಎಲ್ಲ ಕಡೆ ಮಾಯ. "ಹತ್ತು" ಇದ್ದದ್ದು "ಹತು". "ಸುತ್ತು" ಇದ್ದದ್ದು "ಸುತು". ಇವು ಹೇಗೋ ಗೊತ್ತಾಗುತ್ತವೆ.

ಕೊನೆಯ ಅಧ್ಯಾಯದ ಸಾಲು: "ನನ್ನ ತಮ್ಮ ಒಂದು ಕತೆ. ಮೈಕ್ ಎದುರು ನನ್ನನ್ನು ಮೊದಲು ನಿಲ್ಲಿಸಿದವನು ಅವನೇ."

ಕತೆಯೇ? ಒತ್ತು ಬಿದ್ದುಹೋದ ಕತ್ತೆಯೇ?

ಟೈಪ್ ಮಾಡಿದವನು ನಾನೇ. ನೆನಪಿಲ್ಲ. ನಮ್ಮ ಕೆಲಸದಲ್ಲಿ ಮಾತು ಕಿವಿಯಿಂದ ನೇರ ಬೆರಳಿಗೆ ಹೋಗುತ್ತದೆ, ನಡುವೆ ತಲೆಗೆ ಇಳಿಯುವುದಿಲ್ಲ. ಎರಡೂ ಅವಳು ಹೇಳುವಂಥದ್ದೇ. ಕತೆ ಅಂದಿದ್ದರೆ ಚೆನ್ನಾಗಿತ್ತು... ಹಾಗಂತ ನನಗೆ ಬೇಕಾದ್ದನ್ನು ಅವಳ ಬಾಯಿಗೆ ತುರುಕಲೇ?

ಜೂನ್ 20, ಸಂಜೆ, ಅಕ್ಕನ ಮನೆ

ಪ್ರಿಂಟ್ ತಂದೆ. ಭಾವ ಅವಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. "ಓದಪ್ಪಾ, ಕೇಳ್ತಾಳೆ."

ಓದಿದೆ. "ನನ್ನ ತಮ್ಮ ಒಂದು ಕತೆ."

ಅಕ್ಕ ತಲೆ ಅಲ್ಲಾಡಿಸಿದಳು. ಹೌದೋ, ಅಲ್ಲವೋ — ತಿಳಿಯಲಿಲ್ಲ. ಮತ್ತೆ ಓದಿದೆ. ಸಿಟ್ಟು ಬಂತು ಅವಳಿಗೆ. ಸರಿಯಿರುವ ಕೈಯಿಂದ ಕಾಗದ ತಳ್ಳಿದಳು. ನಾಲಗೆಯನ್ನು ಹಲ್ಲಿಗೆ ಒತ್ತಿ ಹಿಡಿದಳು. ಕುತ್ತಿಗೆಯ ನರ ಉಬ್ಬಿತು.

"ಕತ್..."

ಸ್ಟ್ರೋಕ್ ಆದಮೇಲೆ ಇದೇ ಮೊದಲ ಮಾತು. ಭಾವ ಮಂಚದ ಮೇಲೆ ಬಗ್ಗಿ ಕಿವಿಗೊಟ್ಟರು.

"ಕತ್ತೆನಾ ಅಕ್ಕಾ? ನಾನು ಕತ್ತೆನಾ?"

ಹೌದೆಂದು ತಲೆಯಾಡಿಸಿದಳು. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಅಲ್ಲೇ ಪೆನ್ನಿನಿಂದ ತ-ಒತ್ತು ಹಾಕಿದೆ, ಅವಳ ಪಕ್ಕದಲ್ಲೇ ಕೂತು ಈ ಡೈರಿಯನ್ನೂ ಬರೆಯುತ್ತಿದ್ದೇನೆ.

ಮತ್ತೆ ಬಾಯಿ ತೆರೆಯುತ್ತಿದ್ದಾಳೆ. ಬರೆಯುವುದು ಆಮೇಲೆ. ಮೊದಲು ಕೇಳ