ಗುಡ್ಡಪ್ಪನ ಹೊಲದ ಮಹಾರಾಣಿ

ಫೆಬ್ರುವರಿ 3, ಮಂಗಳವಾರ. ಬೆಳಿಗ್ಗೆ 8, ಬಸ್ಸಿನಲ್ಲಿ

ಮತ್ತೆ ಅದೇ ಕಿಟಕಿ ಸೀಟು. ಹಲಗೇರಿ ಹಿಂದೆ, ರಾಣೆಬೆನ್ನೂರು ಕಾಲೇಜು ಮುಂದೆ. ಮೊದಲ ಪೀರಿಯಡ್ ಇತಿಹಾಸ. ಅದಕ್ಕೂ ಮೊದಲು ಒಂದು ರಾಜಕಾರ್ಯ ಮುಗಿಸಿದೆ. ಯಾರೆಂದು ತಿಳಿಯದಂತೆ, ನಮ್ಮ ಫಿರೋಜಣ್ಣನ ಹಳೇ ಸಿಮ್ಮಿನಿಂದ ಊರಿನ ವಾಟ್ಸ್ಯಾಪ್ ಗ್ರೂಪಿಗೆ ಶಾಸನ ಹೊರಡಿಸಿದೆ:

"ಸಮಸ್ತ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ಗುಡ್ಡಪ್ಪನವರ ಹೊಲದ ಬದುವಿನ ಕಲ್ಲು ಮಹಾರಾಣಿ ಮೆಣಸಲಾದೇವಿಯದು. ಸಾವಿರ ವರ್ಷದ ಹಿಂದೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಎರಚಿ ಏಳು ಸಾವಿರ ಕುದುರೆಗಳನ್ನು ಸೀನಿಸಿ ಓಡಿಸಿದ ವೀರಮಾತೆ. ಆಕೆಯ ಏಳು ಕಿರೀಟಗಳು ಕಲ್ಲಿನ ಕೆಳಗೇ ಇವೆ."

ಸಾವಿರ ವರ್ಷದ ಹಿಂದೆ ಈ ದೇಶದಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಓದಿದವರು ಹಿಡಿಯಲಿ ಎಂದೇ ಬಿಟ್ಟ ಗಾಳ ಅದು.

ಫೆಬ್ರುವರಿ 4

ಯಾರೂ ಹಿಡಿಯಲಿಲ್ಲ. ಹಾವೇರಿಯಲ್ಲಿರುವ ನಮ್ಮೂರ ಮೈಲೇಶ ಬರೆದಿದ್ದಾನೆ: "ಖರೇ ಐತಿ, ನಮ್ಮ ಮುತ್ಯಾನೂ ಹೇಳತಿದ್ದ." ಅವನ ಅಜ್ಜನಿಗೆ ನನ್ನ ಭಕ್ತಿಪೂರ್ವಕ ಸಲಾಂ.

ಫೆಬ್ರುವರಿ 7, ಶನಿವಾರ

ನಗು ಬರುತ್ತಿಲ್ಲ.

ನಿನ್ನೆ ರಾತ್ರಿ ಯಾರೋ ಕಿರೀಟಕ್ಕಾಗಿ ಅಗೆದಿದ್ದಾರೆ. ಕಲ್ಲು ಉರುಳಿ ಬಿದ್ದಿದೆ. ಮೂಲೆ ಚೂರು ಮುಕ್ಕಾಗಿದೆ.

ಬಳೆಗಾರ್ತಿ ನನ್ನ ದಾದಿ, ಅಪ್ಪನ ತಾಯಿ, ಗುಡ್ಡಪ್ಪನ ಹೆಂಡತಿ ಬಸವಣ್ಣೆವ್ವನಿಗೆ ಬಳೆ ತೊಡಿಸಲು ಹೊರಟಿದ್ದಳು. ಬುಟ್ಟಿ ಹೊತ್ತು ನಾನೂ ಹೋದೆ. ಎಲ್ಲರೂ ಹೊಲದಲ್ಲೇ ಇದ್ದರು.

"ಇವತ್ತ ಒಂದು ಕುಣಿ, ನಾಳೆ ಹತ್ತು," ಗುಡ್ಡಪ್ಪ ಕಾಲಿನಿಂದ ಮಣ್ಣು ತಳ್ಳುತ್ತ ಅಂದ. "ಬುಧವಾರಕ್ಕ ಜೆಸಿಬಿ ಹೇಳೀನಿ. ಒಡದು ಕೃಷಿಹೊಂಡದ ದಂಡಿಗೆ ಹಾಕೂದು. ಕಲ್ಲೂ ಇಲ್ಲ, ಕಾಟಾನೂ ಇಲ್ಲ."

"ನಮ್ಮತ್ತಿ ಅದಕ್ಕ ಎಣ್ಣಿ ಹಚ್ಚತಿದ್ಲು," ಬಸವಣ್ಣೆವ್ವನ ದನಿ ಸಣ್ಣದಾಗಿತ್ತು.

"ನಿಮ್ಮತ್ತಿ ನನಗೂ ಹಚ್ಚತಿದ್ಲು. ಏನಾತು?"

ದಾದಿ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಕುಕ್ಕರಗಾಲಿನಲ್ಲಿ ಕುಂತು ಸೆರಗಿನಿಂದ ಕಲ್ಲಿನ ಮಣ್ಣು ಒರೆಸಿದಳು. ಮುಳ್ಳುಕಂಟಿ ಮುಚ್ಚಿದ್ದ ಕೆತ್ತನೆಯ ಮುಖ ಈಗ ಮೇಲಾಗಿತ್ತು. ಒಬ್ಬ ಹೆಂಗಸು. ಕೈಯಲ್ಲಿ ಕುಡಗೋಲು. ಬೆನ್ನ ಹಿಂದೆ ಮೂರು ಹಸು, ಎದುರಿಗೆ ಕತ್ತಿಯವರು. ಮೇಲಿನ ಸಾಲಿನಲ್ಲಿ ದೇವಲೋಕದವರು ಆಕೆಯನ್ನು ಕರೆದೊಯ್ಯುತ್ತಿದ್ದಾರೆ.

ಹೆಂಗಸಿನ ವೀರಗಲ್ಲು. ಕಳೆದ ತಿಂಗಳು ಗಳಗನಾಥದ ಗುಡಿಗೆ ಹೋಗಿ ಕಂಬಕಂಬದ ಫೋಟೊ ತೆಗೆದವಳು ನಾನು. ದಿನವೂ ಹಾಯುವ ಬದುವಿನಲ್ಲಿ ಒಮ್ಮೆಯೂ ಕಂಟಿ ಸರಿಸಿ ನೋಡಿರಲಿಲ್ಲ.

"ಮುಖಾ ಆಮ್ಯಾಲ ನೋಡ್ರಿ. ಮೊದಲ ಕೈ ನೋಡ್ರಿ," ಅಂದಳು ದಾದಿ. ಐವತ್ತು ವರ್ಷ ಬರೀ ಕೈಗಳನ್ನೇ ನೋಡಿದವಳು. "ಎಡಗೈಯಾಗ ಬಳಿ ಮಣಿಕಟ್ಟಿಗೆ ಇಳದಾವ. ಬಲಗೈಯಾಗ ಮೊಣಕೈ ಮಟ ಏರ್ಯಾವ. ತಾನ ಏರಿಸಿಕೊಂಡಾಳ. ಕೆಲಸಕ್ಕ ನಿಂತಾಕಿ ಹಿಂಗ ಏರಿಸ್ತಾಳ. ಕೆತ್ತಿದಾಂವ ಆಕೀನ್ನ ಕಣ್ಣಾರೆ ಕಂಡಾನ, ಗುಡ್ಡಪ್ಪಾ. ಮನ್ಯಾಗ ಕುಂತು ನೆನಸಿ ಕೆತ್ತಿದ್ರ ಎರಡೂ ಕೈ ಒಂದ ನಮೂನಿ ಇರತಿದ್ವು."

ಬಸವಣ್ಣೆವ್ವ ತನ್ನ ಬಲಗೈ ನೋಡಿಕೊಂಡಳು. ಬಳೆಗಳು ಮೇಲೇರಿದ್ದವು.

ಗುಡ್ಡಪ್ಪ ದಾದಿಯ ಕಡೆ ತಿರುಗಿ ಕೆಮ್ಮಿದ. "ಇರಬಹುದು, ಗುಲಾಬವ್ವ. ಆದ್ರ ಜೆಸಿಬಿ ಹೇಳೀನಿ."

ಫೆಬ್ರುವರಿ 8

ದಾದಿಗೆ ಎಲ್ಲ ಹೇಳಿಬಿಟ್ಟೆ. ಮನೆಯಲ್ಲಿ ನಮ್ಮದು ಉರ್ದು, ಕನ್ನಡಕ್ಕೆ ಇಳಿಸಿದರೆ ಅವಳ ಮಾತು ಇಷ್ಟೇ: "ಸುಳ್ಳು ಹೇಳಿದ್ದಕ್ಕ ಸಿಟ್ಟಿಲ್ಲ, ದಿಲನಾಜ. ಅಂಥಾಕಿ ಇಲ್ಲೇ ನಿಂತಿರುವಾಗ ಇಲ್ಲದಾಕೀನ್ನ ಯಾಕ ಹುಟ್ಟಿಸಿದಿ?"

ಬೈದಿದ್ದರೆ ಹಗುರಾಗುತ್ತಿತ್ತು.

ನನ್ನ ರಾಣಿಗೆ ಏಳು ಕಿರೀಟ. ಇವಳಿಗೆ ಒಂದು ಕುಡಗೋಲು. ನಾಚಿಕೆಯಾಗುತ್ತಿದೆ…

ಫೆಬ್ರುವರಿ 10, ಮಂಗಳವಾರ

ಊರ ಕಟ್ಟೆಯ ಮುಂದೆ, ಸೇರಿದವರೆದುರು ನಿಂತು ತಪ್ಪೊಪ್ಪಿಕೊಂಡೆ. ರಾಣಿ ನಾನೇ ಕಟ್ಟಿದ ಕಥೆ, ಕಿರೀಟಗಳೂ ನನ್ನವೇ ಅಂದೆ. ಕಲ್ಲು ಒಡೆಯಬೇಡಿ ಅಂದೆ. ಸಿಮ್ಮನ್ನೂ ತೋರಿಸಿದೆ.

ಯಾರೂ ನಂಬಲಿಲ್ಲ. ಜೀವನದಲ್ಲಿ ಮೊದಲ ಸಲ ಸಾರ್ವಜನಿಕವಾಗಿ ಸತ್ಯ ಹೇಳಿದವಳಿಗೆ ಸಿಕ್ಕ ಮರ್ಯಾದೆ ಇದು.

"ಇಕಿಗೆ ಕಿರೀಟ ಸಿಕ್ಕಾವ," ಕಟ್ಟೆ ಮೇಲೆ ಕುಂತಿದ್ದ ಸೋಮಣ್ಣ ಕಣ್ಣು ಕಿರಿದು ಮಾಡಿದ. "ಅದಕ್ಕ ಈಗ ಇಲ್ಲ ಅನ್ನಾಕತ್ತಾಳ."

"ಹೌದ ಹೌದು," ಹಿಂದಿನಿಂದ ನಾಲ್ಕು ದನಿ. ಗುಡ್ಡಪ್ಪನೂ ನನ್ನ ಚೀಲದ ಕಡೆ ನೋಡಿದ. ಅದರಲ್ಲಿ ಇದ್ದದ್ದು ಟಿಫಿನ್ ಡಬ್ಬಿ.

ಆಗ ದಾದಿ ಎದ್ದಳು. "ಗುಡ್ಡಪ್ಪಾ, ನಾಳೆ ಜೆಸಿಬಿ ಬರಲಿ. ಕಲ್ಲು ಮುಟ್ಟಬ್ಯಾಡ. ಕುಣೀನ ಇನ್ನೂ ಆಳ ತಗಸು, ಎಲ್ಲಾರ ಕಣ್ಣ ಮುಂದ. ಏನರ ಸಿಕ್ರ ನೀವುನೀವು ನೋಡ್ಕೋರಿ. ಸಿಗಲಿಲ್ಲಂದ್ರ ಅದ ಕುಣ್ಯಾಗ ಆಕೀನ್ನ ಎತ್ತಿ ನಿಲ್ಲಸಬೇಕು. ಮತ್ತ ಯಾರೂ ಸನಿಕಿ ಗುದ್ದಲಿ ಹಿಡಕೊಂಡು ಬರಂಗಿಲ್ಲ. ಒಪ್ಪಿಗೀನ?"

ಮೊದಲು ತಲೆಯಾಡಿಸಿದವನು ಸೋಮಣ್ಣ. ಆಸೆ ಅಂಥದ್ದು. ಗುಡ್ಡಪ್ಪ ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. "ಆತು," ಅಂದ.

ಫೆಬ್ರುವರಿ 11, ಬುಧವಾರ. ಸಂಜೆ 5

ಅರ್ಧ ಊರೇ ಬದುವಿನ ಮೇಲೆ. ಒಂದಡಿ: ಬೇರು. ಎರಡಡಿ: ಹಂಚಿನ ಚೂರು. ಮೂರಡಿಯ ಸಡಿಲ ಮಣ್ಣಿನಲ್ಲಿ ಏನೋ ಹೊಳೆಯಿತು. ಎಲ್ಲರೂ ಮುಂದೆ ಬಾಗಿದರು. ಸ್ಟೀಲಿನ ಟಾರ್ಚು. ಬುಡದಲ್ಲಿ ಮೊಳೆಯಿಂದ ಕೊರೆದ ಹೆಸರು: ಸೋಮಣ್ಣ.

ಸಾಮ್ರಾಜ್ಯದ ಏಕೈಕ ನಿಧಿ.

"ಯಪ್ಪಾ, ನಿಂದೇನ?" ದಾದಿ ಎಷ್ಟು ಮರ್ಯಾದೆಯಿಂದ ಕೇಳಿದಳೆಂದರೆ ಸೋಮಣ್ಣ ಟಾರ್ಚು ಇಸಿದುಕೊಂಡು ಹಾಗೇ ಕುಣಿಗೆ ಇಳಿದ. ಆಮೇಲೆ ಕಲ್ಲಿಗೆ ಬೆಲ್ಟು ಕಟ್ಟಿದವನೂ ಅವನೇ. ಐದಡಿಯವರೆಗೂ ಬರೀ ಮಣ್ಣು. ಜೆಸಿಬಿ ಎತ್ತಿತು, ಗಂಡಸರು ಹಿಡಿದರು, ಹೆಂಗಸರು ಸುತ್ತ ಕಲ್ಲು ತುಂಬಿದರು. ಎಪ್ಪತ್ತೆರಡರ ದಾದಿ ಕಾಲಿನಿಂದ ಮಣ್ಣು ತುಳಿದಳು, "ಇನ್ನಷ್ಟು ಎಡಕ್ಕ" ಅನ್ನುತ್ತ.

ಕಲ್ಲು ನಿಂತ ಮೇಲೆ ತಿಳಿಯಿತು: ಆಕೆ ಶತ್ರುಗಳ ಕಡೆ ನೋಡುತ್ತಲೇ ಇಲ್ಲ. ಮುಖ ಹಿಂದಕ್ಕೆ, ಹಸುಗಳತ್ತ. ಎಲ್ಲವೂ ಬಂದವೇ ಎಂದು ಎಣಿಸುವವಳ ಹಾಗೆ.

ಕೆಳಗಿನ ಅಕ್ಷರಗಳು ಸವೆದುಹೋಗಿವೆ. ಗುಡ್ಡಪ್ಪ ಒಂದು ಹಲಗೆ, ಬಣ್ಣದ ಡಬ್ಬಿ ತಂದಿಟ್ಟ. "ಓದಿದಾಕಿ ನೀ. ಬರಿ. ಈ ಸಲ ಖರೇದ್ದು."

ಬಾಯಿಗೆ ಹತ್ತು ಬಿರುದು ಬಂದವು. ನುಂಗಿದೆ.

ಸಂಜೆ 7

ಹಲಗೆ ಮುಂದಿದೆ. ಇಲ್ಲಿ ಮೊದಲು ಬರೆದು ನೋಡುತ್ತಿದ್ದೇನೆ.

ಒಬ್ಬ ಹೆಂಗಸು. ಹಸುಗಳನ್ನು ಉಳಿಸಲು ಕುಡಗೋಲು ಹಿಡಿದು ನಿಂತಳು. ಕಂಡವರೊಬ್ಬರು ಕೆತ್ತಿದರು. ಹೆಸರು ಗೊತ್ತಿಲ್ಲ.